ಬಿಸಿಲಿಗೆ ಹಾಕಿದ ಝಿಂಗಾ

ಮದುವೆಯಾಗಿ ಭೀಮಾ ನದಿಯ ದಂಡೆಗೆ ಬರುವವರೆಗೆ ನಾನು ಹಸಿ ಸೀಗಡಿಯನ್ನು ಕಂಡವಳೇ ಅಲ್ಲ. ಒಣಗಿದ್ದನ್ನು ಕಂಡಿದ್ದೆ, ತಿಂದಿದ್ದೆ, ಅದರ ವಾಸನೆಯಲ್ಲೇ ಬೆಳೆದಿದ್ದೆ. ಸೀಗಡಿ ಅನ್ನುವುದು ಕೂಡ ನಾನು ಆಮೇಲೆ ಕಲಿತ ಮಾತು. ನಮ್ಮ ಕಡೆ ಅದು ಝಿಂಗಾ. ನನ್ನ ತವರು ಆಳಂದ ತಾಲೂಕಿನಲ್ಲಿ, ಹಿರೋಳ್ಳಿಯ ಹತ್ತಿರ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಒಂದು ಸಣ್ಣ ಊರು. ಹೊಳೆಯಿಲ್ಲ, ಹೇಳಿಕೊಳ್ಳುವಂಥ ಕೆರೆಯಿಲ್ಲ. ತೊಗರಿ, ಜೋಳ, ಕಪ್ಪು ಮಣ್ಣು, ಆಳದ ಬಾವಿಗಳು. ಅಂಥ ಊರಿಗೆ ಸಮುದ್ರದಲ್ಲಿ ಹುಟ್ಟಿದ ಜೀವವೊಂದು ವಾರ ತಪ್ಪದೆ ಬಂದು ನಮ್ಮ ರೊಟ್ಟಿಯ ಪಕ್ಕ ಕೂರುತ್ತಿತ್ತು. ಇದರಲ್ಲಿ ಏನಾದರೂ ವಿಶೇಷವಿದೆ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಅದು ಬರುತ್ತಿದ್ದುದು ಆಳಂದದ ಸಂತೆಯಿಂದ. ಸೊಲ್ಲಾಪುರದ ಕಡೆಯ ಒಬ್ಬ ಹೆಂಗಸು ಗೋಣಿಚೀಲದ ಬಾಯಿ ಮಡಚಿ, ಅದರ ಹಿಂದೆ ಕಾಲು ಚಾಚಿ ಕೂತಿರುತ್ತಿದ್ದಳು. ಅವಳದು ಅರ್ಧ ಮರಾಠಿ, ಅರ್ಧ ಕನ್ನಡ. "ಘ್ಯಾ ಬಾಯಿ, ಖಡಕ್ ಅದ, ಮುರದ್ ನೋಡ್ರಿ" ಅನ್ನುತ್ತಿದ್ದಳು. ನನ್ನ ಅವ್ವ ನಿಜವಾಗಿಯೂ ಒಂದನ್ನು ಎತ್ತಿ ಮುರಿದು ನೋಡುತ್ತಿದ್ದಳು. ಟಪ್ ಅಂತ ಮುರಿದರೆ ಒಳ್ಳೆಯ ಮಾಲು. ಬಾಗಿದರೆ ಒಳಗೆ ತೇವ ಉಳಿದಿದೆ, ಬೇಡ. ಕೊಂಡ ಗಂಟನ್ನು ಬಸ್ಸಿನೊಳಗೆ ತಂದರೆ ಕಂಡಕ್ಟರ್ ಕೂಗಾಡುತ್ತಿದ್ದ. ಹೀಗಾಗಿ ಝಿಂಗಾ ಯಾವಾಗಲೂ ಬಸ್ಸಿನ ಮೇಲೆ ಪ್ರಯಾಣ ಮಾಡುತ್ತಿತ್ತು, ನಾವು ಕೆಳಗೆ.

ನಮ್ಮ ಪಕ್ಕದ್ದು ಲಿಂಗ ಕಟ್ಟಿದವರ ಮನೆ. ಆ ಮನೆಯ ಆಯಿ ತುಂಬ ಒಳ್ಳೆಯ ಹೆಂಗಸು. ನಮ್ಮ ಒಲೆಯ ಹಂಚಿನ ಮೇಲೆ ಝಿಂಗಾ ಬಿದ್ದ ಕೂಡಲೇ ತಮ್ಮ ಕಿಟಕಿ ಮುಚ್ಚಿಕೊಂಡು, ಗೋಡೆಯಾಚೆಯಿಂದಲೇ ಕೂಗುತ್ತಿದ್ದರು, "ಸಂತಿ ಮಾಡ್ಕೊಂಡು ಬಂದೀರಿ ಅಂತ ಕಾಣಸ್ತದ. ನಮ್ಮ ಬೆಕ್ಕ ಆಗಲೇ ನಿಮ್ಮ ಗ್ವಾಡಿ ಮ್ಯಾಲ ಬಂದು ಕುಂತದ ನೋಡ್ರಿ." ಅವ್ವ ಇಲ್ಲಿಂದ, "ಇರ್ಲಿ ಬಿಡ್ರಿ ಆಯಿ, ನಿಮ್ಮ ಮನ್ಯಾಗ ಅದೊಂದಕ್ಕರ ರುಚಿ ಗೊತ್ತದ" ಅಂತ ಹಿಂತಿರುಗಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಬೆಕ್ಕಿಗೆ ತಲೆಗಳು ಸಿಗುತ್ತಿದ್ದವು.

ನಮ್ಮ ಮನೆಯಲ್ಲಿ ಎರಡು ಒಲೆ. ಕುರಿ, ಕೋಳಿ ಏನಿದ್ದರೂ ಅಂಗಳದ ಮೂರು ಕಲ್ಲಿನ ಒಲೆಯ ಮೇಲೆ. ಅದರ ಪಾತ್ರೆ ಕೂಡ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಆದರೆ ಒಣ ಝಿಂಗಾಕ್ಕೆ ಅವ್ವ ಒಳಗಿನ ಒಲೆಯ ಹಕ್ಕು ಕೊಟ್ಟಿದ್ದಳು. "ಇದು ಸಂತಿ ಸಾಮಾನು. ಮೆಣಸಿನಕಾಯಿ ಇದ್ದಂಗ" ಅನ್ನುತ್ತಿದ್ದಳು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹೀಗೆ ಚಟ್ನಿಪುಡಿಗಳ ಡಬ್ಬಿಗಳ ಸಾಲಿನಲ್ಲೇ ಝಿಂಗಾದ ಡಬ್ಬಿಯೂ ಇತ್ತು. ಅದನ್ನು ಒಲೆಗೆ ಹಾಕುವ ಮೊದಲು ಒಂದು ಬಿಸಿಲು ಕಾಣಿಸಲೇಬೇಕು. ಸಂತೆಯಿಂದ ಎಷ್ಟೇ ಗರಿಗರಿಯಾಗಿ ಬಂದಿರಲಿ, ಅವ್ವ ಅದನ್ನು ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಹರವುತ್ತಿದ್ದಳು. ಆಮೇಲೆ ಹಂಚಿನ ಮೇಲೆ ಹುರಿದು, ಮೊರದಲ್ಲಿ ಅಂಗೈಯಿಂದ ತಿಕ್ಕಿ, ಮೀಸೆ, ಕಾಲು, ಬಾಲವನ್ನೆಲ್ಲ ಊದಿ ಹಾರಿಸುತ್ತಿದ್ದಳು. ಉಳಿದದ್ದು ಕಿತ್ತಳೆ ಬಣ್ಣದ ಸಣ್ಣ ಕೊಕ್ಕೆಗಳು.

ಆ ಕೊಕ್ಕೆಗಳಿಂದ ಅವ್ವ ಏನೇನು ಮಾಡುತ್ತಿದ್ದಳು ಅಂತ ನೆನೆದರೆ ಇಂದಿಗೂ ನನ್ನ ಬಾಯಲ್ಲಿ ನೀರೂರುತ್ತದೆ. ಬದನೆಕಾಯಿಯ ಜೊತೆ ಬೇಯಿಸಿದರೆ ಬದನೆಕಾಯಿಗೆ ಘನತೆ ಬರುತ್ತಿತ್ತು. ಉಳ್ಳಾಗಡ್ಡಿ ತೊಪ್ಪಲಿನ ಜೊತೆ ಬಾಡಿಸಿದರೆ ಬೇರೆ ಪಲ್ಯವೇ ಬೇಡ. ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಹುರಿದ ಶೇಂಗಾ ಹಾಕಿ ಒರಳಲ್ಲಿ ಕುಟ್ಟಿದರೆ ಹಿಂಡಿ. ಅದು ಡಬ್ಬಿಯಲ್ಲಿ ತಿಂಗಳಾದರೂ ಕೆಡುತ್ತಿರಲಿಲ್ಲ. ಬರಿ ಬೇಳೆಯ ಸಾರಿಗೆ ಒಂದು ಚಿಟಿಕೆ ಪುಡಿ ಉದುರಿಸಿದರೆ ಅಪ್ಪ ಹೊಲದಿಂದ ಬಂದವನು ಬಾಗಿಲಲ್ಲೇ ನಿಂತು ಮೂಗು ಅರಳಿಸುತ್ತಿದ್ದ. ಇಷ್ಟು ಸಣ್ಣ ಜೀವ ಇಷ್ಟೊಂದು ಅಡುಗೆಗಳ ಜೊತೆ ಹೊಂದಿಕೊಳ್ಳುವುದನ್ನು ನೋಡಿ ನನಗೆ ಅದರ ಮೇಲೆ ಗೌರವವೇ ಇತ್ತು. ಮದುವೆಯ ಹೊತ್ತಿಗೆ ಅವ್ವನ ಕೈಯಲ್ಲಿದ್ದುದನ್ನೆಲ್ಲ ಕಲಿತಿದ್ದೆ. ಝಿಂಗಾ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಸೊಕ್ಕೂ ಇತ್ತು. ಅದೇ ಸೊಕ್ಕಿನಲ್ಲಿ ಗಂಡನ ಮನೆಗೆ ಬಂದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಡನ ಊರು ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆಯ ಮೇಲೆ. ಹಿಂದೆ ಆ ಮನೆಯವರು ಬಲೆ ಬೀಸಿದವರು. ಮಾವನವರ ಕಾಲಕ್ಕೇ ಬಲೆ ಬಿಟ್ಟು ನೇಗಿಲು ಹಿಡಿದಿದ್ದರು. ನಾನು ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಅತ್ತೆ, ನನ್ನ ಗಂಡ, ಮದುವೆಯ ವಯಸ್ಸಿಗೆ ಬಂದ ನಾದಿನಿ. ಬಲೆ ಹೋಗಿದ್ದರೂ ಅತ್ತೆಯ ಬಿದಿರಿನ ಬುಟ್ಟಿ ಹೋಗಿರಲಿಲ್ಲ. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾದ ಮೇಲೆ ಅವರು ತಾವೇ ಮೊಣಕಾಲು ನೀರಿಗೆ ಇಳಿದು ಝಿಂಗಾ ಹಿಡಿದು ತರುತ್ತಿದ್ದರು. ಅವರ ಝಿಂಗಾ ತಿನ್ನಲಿಕ್ಕೆಂದೇ ನಂಟರು ಬರುತ್ತಿದ್ದರು. ಆ ಮನೆಯಲ್ಲಿ ಬೇರೆ ಅಡುಗೆಯನ್ನು ಯಾರು ಮಾಡಿದರೂ ನಡೆಯುತ್ತಿತ್ತು. ಝಿಂಗಾ ಮಾಡುವವಳೇ ಮನೆಯ ಯಜಮಾನಿ.

ಬಂದ ಹೊಸದರಲ್ಲೇ ಒಂದು ದಿನ ಜೇವರ್ಗಿ ಕಡೆಯಿಂದ ಅತ್ತೆಯ ಅಣ್ಣ ಬರುವವರಿದ್ದರು. ಅವರ ಮಗನಿಗೆ ನಮ್ಮ ನಾದಿನಿಯನ್ನು ಕೊಡುವ ಮಾತುಕತೆ. ಅತ್ತೆ ನಸುಕಿನಲ್ಲೇ ಹೊಳೆಗೆ ಹೋಗಿ ಬುಟ್ಟಿ ತುಂಬ ತಂದು, ಒದ್ದೆ ಬಟ್ಟೆ ಮುಚ್ಚಿ ನನ್ನ ಮುಂದೆ ಇಟ್ಟರು. "ಸ್ವಚ್ಛ ಮಾಡಿ ಇಟ್ಟಿರು ಬೇ. ಹೊಲಕ್ಕ ಬುತ್ತಿ ಮುಟ್ಟಿಸಿ, ಬಸ್ ಸ್ಟ್ಯಾಂಡಿನಿಂದ ಅಣ್ಣನ್ನ ಕರ್ಕೊಂಡು ಬರ್ತೇನಿ" ಅಂತ ಹೇಳಿ ಹೊರಟರು. ನಾದಿನಿಯೂ ಅವರ ಹಿಂದೆ ಹೋದಳು.

ನಾನು ಬಟ್ಟೆ ಸರಿಸಿ ನೋಡಿದೆ. ನೋಡಿ ಪೆಚ್ಚಾದೆ. ಒಂದಕ್ಕೂ ಬಣ್ಣವಿಲ್ಲ! ನೀರಿಗೇ ಮೀಸೆ ಮೂಡಿದ ಹಾಗೆ, ಆಚೆಯದು ಈಚೆ ಕಾಣುವ ಹಾಗೆ, ಮೆತ್ತಗೆ, ತಣ್ಣಗೆ. ಕೆಲವು ಇನ್ನೂ ಚಟ್ ಅಂತ ನೆಗೆಯುತ್ತಿದ್ದವು. ನಾನು ಕಂಡ ಝಿಂಗಾ ಕೆಂಪಗೆ, ಗಟ್ಟಿಯಾಗಿ, ಮುರಿದರೆ ಮುರಿಯುವಂಥದ್ದು. ಇವು ಇನ್ನೂ ಕಾಯಿ, ಹಣ್ಣಾಗಿಲ್ಲ ಅಂತ ನಾನು ತೀರ್ಮಾನಿಸಿದೆ. ನಗಬೇಡಿ. ಹಸಿರು ಮೆಣಸಿನಕಾಯಿ ಬಿಸಿಲಿಗೆ ಕೆಂಪಾಗುವುದನ್ನು ನೋಡಿ ಬೆಳೆದವಳಿಗೆ ಬೇರೆ ಏನು ಹೊಳೆಯಬೇಕು? ಸ್ವಚ್ಛ ಮಾಡು ಅಂದರೆ ನನ್ನ ಅವ್ವನ ಲೆಕ್ಕದಲ್ಲಿ ಮೊದಲು ಬಿಸಿಲು, ಆಮೇಲೆ ಹಂಚು, ಆಮೇಲೆ ಮೊರ. ಏಣಿ ಹತ್ತಿ ಮಾಳಿಗೆಯ ಮೇಲೆ ಗಂಡನ ಒಗೆದ ಧೋತರ ಹಾಸಿದೆ. ಒಂದರ ಮೇಲೊಂದು ಬೀಳದ ಹಾಗೆ, ಬೆರಳಿನಿಂದ ಬಿಡಿಸಿ ಬಿಡಿಸಿ ಹರವಿದೆ. ಕಾಗೆ ಓಡಿಸಲು ಒಂದು ಕೋಲು ಹಿಡಿದು ಪಕ್ಕದಲ್ಲಿ ಕೂತೆ. ಹೊಸ ಮನೆಯಲ್ಲಿ ನನ್ನ ಹೆಸರು ಇವತ್ತು ನಿಲ್ಲುತ್ತದೆ ಅಂತ ಹಿಗ್ಗಿ ಹೋಗಿದ್ದೆ.

ಮೊದಲು ಕಾಗೆ ಬಂದವು, ಆಮೇಲೆ ಹದ್ದು. ಕೋಲು ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋಯಿತು. ಬಿಸಿಲು ಏರಿತು. ಝಿಂಗಾ ಕೆಂಪಾಗುವ ಬದಲು ಬೆಳ್ಳಗಾಗಿ, ವಾಸನೆ ಶುರುವಾಯಿತು. ನನಗೆ ಆಗಲೂ ಅನುಮಾನ ಬರಲಿಲ್ಲ. ಈ ಊರಿನ ಬಿಸಿಲು ನಮ್ಮ ಆಳಂದದ ಬಿಸಿಲಿನಷ್ಟು ಖಡಕ್ ಇಲ್ಲ ಅಂದುಕೊಂಡೆ. ಅಷ್ಟರಲ್ಲಿ ಓಣಿಯಲ್ಲಿ ಅತ್ತೆಯ ದನಿ ಕೇಳಿತು. "ನಮ್ಮ ಮನಿ ಮ್ಯಾಲ ಯಾಕ ಹದ್ದು ತಿರಗಾಕತ್ತಾವ?" ಅಂತ ಅಣ್ಣನನ್ನು ಕೇಳುತ್ತಿದ್ದರು. ಬಂದವರೇ ಏಣಿ ಹತ್ತಿ ತಲೆ ಮೇಲೆತ್ತಿದರು. "ಏನ್ ಮಾಡಾಕತ್ತೀ ಬೇ?"

"ಇನ್ನೊಂದ್ ತಾಸು ಬಿಸಲು ಬಿದ್ರ ಕೆಂಪಗ ಆಗ್ತಾವ್ರಿ ಅತ್ತಿ" ಅಂದೆ.

ಅತ್ತೆ ಬಯ್ಯಲಿಲ್ಲ. ಧೋತರದ ಉದ್ದಗಲಕ್ಕೂ ಒಮ್ಮೆ ಕಣ್ಣಾಡಿಸಿ, ಇಳಿದು ಹೋದರು. ಕೆಳಗೆ ಅವರ ಅಣ್ಣ ವಿಷಯ ತಿಳಿದು ನಕ್ಕ ನಗು ಕೆಮ್ಮಿಗೆ ತಿರುಗಿತು. ಊಟಕ್ಕೆ ಬೇಳೆ, ರೊಟ್ಟಿ. ಆ ಮನುಷ್ಯ ಬೇಜಾರು ಮಾಡಿಕೊಳ್ಳಲಿಲ್ಲ. "ಸೊಸಿ ಝಿಂಗಾ ಬಿತ್ಯಾಳ. ಮುಂದಿನ ಸಲ ಬರೂದ್ರಾಗ ಸುಗ್ಗಿ ಆಗಿರ್ತದ ಬಿಡು" ಅಂತ ತಂಗಿಯನ್ನು ರೇಗಿಸುತ್ತ ಉಂಡರು. ನಾದಿನಿಯ ನಂಟೂ ಕುದುರಿತು. ಆದರೆ ಅವರು ಹೋದ ಮೇಲೆ ಅತ್ತೆ ಬುಟ್ಟಿ ತೊಳೆದು ಗೂಟಕ್ಕೆ ತೂಗು ಹಾಕಿ, ನನ್ನ ಕಡೆ ತಿರುಗದೆ ಹೇಳಿದರು, "ಮನ್ಯಾಗ ಎಲ್ಲಾ ಮಾಡು. ಝಿಂಗಾಕ್ಕ ಮಾತ್ರ ಕೈ ಹಚ್ಚಬ್ಯಾಡ."

ನನಗೆ ಬಯ್ದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಅತ್ತು ಮರೆಯುತ್ತಿದ್ದೆ. ಇದು ಹಾಗಲ್ಲ. ನನಗೆ ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದ ಒಂದೇ ಒಂದು ಕೆಲಸದಿಂದ ನನ್ನನ್ನು ಹೊರಗೆ ನಿಲ್ಲಿಸಿದ್ದರು. ಹೊಳೆಗೆ ಬಟ್ಟೆ ಒಗೆಯಲು ಹೋದರೆ ಹೆಂಗಸರು, "ಮಾಳಗಿ ಮ್ಯಾಲಿನ ಝಿಂಗಾ ಹಣ್ಣಾದ್ವೇನ ಬೇ?" ಅಂತ ಕೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ಆಗ್ಯಾವ, ಬರ್ರಿ, ಉಡಿ ತುಂಬತೇನಿ" ಅನ್ನುತ್ತಿದ್ದೆ. ಆದರೆ ಮನೆಗೆ ಬಂದರೆ ಗೂಟಕ್ಕೆ ತೂಗಿದ ಆ ಬುಟ್ಟಿಯೇ ಕಣ್ಣಿಗೆ ಬೀಳುತ್ತಿತ್ತು. ಅತ್ತೆ ಒಂದು ದಿನ ಆ ಮಾತನ್ನು ತಾವೇ ಹಿಂದೆ ತೆಗೆದುಕೊಳ್ಳಬೇಕು, ತಮ್ಮ ಬಾಯಿಂದಲೇ ನನಗೆ ಝಿಂಗಾ ಮಾಡು ಅನ್ನಬೇಕು. ನನಗೆ ಆ ಮನೆಯಲ್ಲಿ ಬೇಕಾಗಿದ್ದುದು ಅದೊಂದೇ. ಸೀರೆ ಬಂಗಾರದ ಆಸೆ ಕೂಡ ಅದರ ಮುಂದೆ ಸಪ್ಪೆಯಾಗಿತ್ತು. ನನ್ನ ಗಂಡ ಬುದ್ಧಿವಂತ. ಈ ವಿಷಯದಲ್ಲಿ ಬಾಯಿ ಹಾಕಲಿಲ್ಲ.

ಮುಟ್ಟಬೇಡ ಅಂದಿದ್ದರು, ನೋಡಬೇಡ ಅಂದಿರಲಿಲ್ಲ. ಹಾಗಾಗಿ ನೋಡಿದೆ. ಹೊಳೆಗೆ ಬಟ್ಟೆಯ ಗಂಟು ಹೊತ್ತು ಅವರ ಹಿಂದೆಯೇ ಹೋಗಿ ದಂಡೆಯಲ್ಲಿ ಕೂರುತ್ತಿದ್ದೆ. ಝಿಂಗಾ ಹೆದರಿದರೆ ಮುಂದೆ ಓಡುವುದಿಲ್ಲ, ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಅತ್ತೆ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ, ನಾನು ಅವರ ಕೈ ನೋಡಿಯೇ ತಿಳಿದುಕೊಂಡೆ. ಬುಟ್ಟಿಯನ್ನು ಕಲ್ಲಿನ ಸಂದಿಯ ಹಿಂಬದಿಗೆ ಓರೆಯಾಗಿ ಹಿಡಿದು, ಎದುರಿನಿಂದ ಪಾದದ ಬೆರಳುಗಳನ್ನು ಮೆಲ್ಲಗೆ ಆಡಿಸುತ್ತಿದ್ದರು. ಅಷ್ಟೇ. ಅವು ತಾವಾಗಿಯೇ ಬುಟ್ಟಿಯೊಳಗೆ ನೆಗೆಯುತ್ತಿದ್ದವು. ನೀರು ಕದಡುತ್ತಿರಲಿಲ್ಲ, ಸೀರೆಯ ನೆರಿಗೆ ಒದ್ದೆಯಾಗುತ್ತಿರಲಿಲ್ಲ. ನನಗೆ ಅತ್ತೆಯ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಬೆರಗು. ಸಿಟ್ಟು ಮನೆಯಲ್ಲಿ, ಬೆರಗು ಹೊಳೆಯಲ್ಲಿ.

ಅಡುಗೆಯಲ್ಲೂ ಹಾಗೆಯೇ. ಈ ಮನೆಯಲ್ಲೂ ಎರಡು ಒಲೆ, ಹಸಿ ಝಿಂಗಾ ಅಂಗಳದ ಒಲೆಗೆ ಸೇರಿದ್ದು. ಅಲ್ಲಿ ನಾನು ರೊಟ್ಟಿ ತಟ್ಟಬಹುದಿತ್ತು, ಖಾರ ಅರೆಯಬಹುದಿತ್ತು. ಅತ್ತೆ ಝಿಂಗಾದ ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ದಾರವನ್ನು ಉಗುರಿನಿಂದ ಎಳೆದು ತೆಗೆದು, ಉಪ್ಪು ಅರಿಶಿಣ ಸವರಿ ಎಣ್ಣೆಗೆ ಬಿಡುತ್ತಿದ್ದರು. ಬಣ್ಣವಿಲ್ಲದ ಆ ಜೀವ ಬಿಸಿ ತಾಗಿದ ಕೂಡಲೇ ಕೆಂಪಾಗುವುದನ್ನು ಮೊದಲ ಸಲ ನೋಡಿದಾಗ ನನಗೆ ಅಳು ನಗು ಎರಡೂ ಬಂದವು. ಕೆಂಪಾಗುವುದಂತೂ ನಿಜ, ನಾನು ತಪ್ಪಿದ್ದು ಯಾವುದರ ಬಿಸಿ ಅನ್ನುವುದರಲ್ಲಿ! ಅತ್ತೆ ಅದನ್ನು ಹೆಚ್ಚು ಹೊತ್ತು ಒಲೆಯ ಮೇಲೆ ಬಿಡುತ್ತಿರಲಿಲ್ಲ. ಕುಡಗೋಲಿನಷ್ಟು ಬಾಗಿತೋ, ಇಳಿಸಿಬಿಡುವುದು. ಪೂರ್ತಿ ಸುರುಳಿಯಾಗುವವರೆಗೆ ಬಿಟ್ಟರೆ ರಬ್ಬರಾಗುತ್ತದೆ.

ಅವರ ಕೈಯಲ್ಲಿ ಅದು ಎಷ್ಟು ರೂಪ ತಾಳುತ್ತಿತ್ತು! ಚಿಗುರು ಹುಣಸೆ ಎಲೆ ಅರೆದು ಮಾಡಿದ ಹುಳಿ. ಶೇಂಗಾ ಬೆಳ್ಳುಳ್ಳಿಯ ಗಟ್ಟಿ ಎಸರು. ದೊಡ್ಡವು ಸಿಕ್ಕರೆ ಜೋಳದ ದಂಟಿನ ಸಿಬಿರಿಗೆ ಚುಚ್ಚಿ ಕೆಂಡದ ಮೇಲೆ ಸುಡುವುದು. ತಲೆಗಳನ್ನು ಎಸೆಯುತ್ತಿರಲಿಲ್ಲ, ಒರಳಲ್ಲಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಆ ರಸಕ್ಕೆ ಮೆಣಸು ಹಾಕಿ ಕುದಿಸಿ ಜ್ವರ ಬಂದವರಿಗೆ ಕುಡಿಸುತ್ತಿದ್ದರು. ನನಗೂ ಒಮ್ಮೆ ಕುಡಿಸಿದರು. ಮೈ ಕೆಂಡವಾಗಿದ್ದರೂ, ಇಂಥದ್ದನ್ನು ಮಾಡಬಲ್ಲವರ ಮೇಲೆ ಎಷ್ಟಂತ ಸಿಟ್ಟು ಇಟ್ಟುಕೊಳ್ಳಲಿ ಅಂತ ಅನ್ನಿಸಿತು. ಜ್ವರ ಬಿಟ್ಟ ಮೇಲೆ ಸಿಟ್ಟು ವಾಪಸು ಬಂತು.

ತೊಂಬತ್ತರ ದಶಕದಲ್ಲಿ ಆಳಂದ, ಜೇವರ್ಗಿಯ ಹೋಟೆಲುಗಳ ಹಲಗೆಯ ಮೇಲೆ ಝಿಂಗಾ ಫ್ರಾಯ್ ಅಂತ ಬರೆಯುವ ಕಾಲ ಬಂತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೆರಳುದ್ದದ ಸಮುದ್ರದ ಸೀಗಡಿ ಗಾಡಿಯಲ್ಲಿ ಬರತೊಡಗಿತು. ಪಟ್ಟಣದವರು ಅದರ ಮೇಲೆ ಬಿದ್ದು ಬಿದ್ದು ತಿಂದರು. ನಾನೂ ತಿಂದೆ. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಹಿಟ್ಟಿನಲ್ಲಿ ಕರಿದರೂ, ಅನ್ನದಲ್ಲಿ ಬೇಯಿಸಿದರೂ, ಮಸಾಲೆಯಲ್ಲಿ ಮುಳುಗಿಸಿದರೂ ತನ್ನ ಸಿಹಿಯನ್ನು ಬಿಟ್ಟುಕೊಡದ ಜೀವ ಅದು. ಹೊಳೆಯದು, ಒಣಗಿದ್ದು, ಮಂಜುಗಡ್ಡೆಯದು ಮೂರನ್ನೂ ತಿಂದು ನೋಡಿದವಳಾಗಿ ಹೇಳುತ್ತೇನೆ: ಇದನ್ನು ಕೆಡಿಸಲು ಮನುಷ್ಯ ಬಹಳ ಕಷ್ಟಪಡಬೇಕು. ನಾನು ಕಷ್ಟಪಟ್ಟು ಕೆಡಿಸಿದ್ದೆ, ಆ ಮಾತು ಬೇರೆ.

ಹೋಟೆಲಿನ ಹಲಗೆಗಳು ಬರುವುದಕ್ಕೆ ಬಹಳ ಮೊದಲಿನ ಮಾತಿಗೆ ಮರಳುತ್ತೇನೆ. ತವರಿಗೆ ಹೋದಾಗಲೆಲ್ಲ ಅವ್ವ ಒಂದು ಡಬ್ಬಿ ಒಣ ಝಿಂಗಾ ಕಟ್ಟಿಕೊಡುತ್ತಿದ್ದಳು. ಮೊದಲ ಸಲ ತಂದಾಗ ಅತ್ತೆ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಕೂಡಲೇ ಮುಚ್ಚಿದರು. "ಇದು ಝಿಂಗಾ ಅಲ್ಲ ಬೇ, ಝಿಂಗಾದ ಹೆಣ" ಅಂದರು. ಹೊಳೆಯ ದಂಡೆಯವರಿಗೆ ಒಣಗಿದ್ದೆಂದರೆ ಅಷ್ಟು ಹೇಸಿಗೆ. ನನ್ನ ಅವ್ವನನ್ನೇ ಬಯ್ದಂತಾಗಿ ಕಣ್ಣು ಕೆಂಪಾದವು. ಆದರೂ ಎಸೆಯಲಿಲ್ಲ. ಡಬ್ಬಿಯನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಆಮೇಲೆ ಯಾವ ಮದುವೆಗೆ ಹೋದರೂ ನನ್ನ ರೇಷ್ಮೆ ಸೀರೆಯಿಂದ ಸಣ್ಣಗೆ ಝಿಂಗಾ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತವರು ಮೂಗು ಮುರಿಯುತ್ತಿದ್ದರು, ನಾನು ಬೇರೆ ಕಡೆ ನೋಡುತ್ತಿದ್ದೆ.

ನಾದಿನಿ ಮದುವೆಯಾಗಿ ಸೋದರಮಾವನ ಮನೆಗೇ ಸೊಸೆಯಾಗಿ ಹೋಗಿದ್ದಳು. ಒಂದು ಬೇಸಿಗೆಯಲ್ಲಿ ಚೊಚ್ಚಲ ಬಸುರಿಯಾಗಿ ಬಂದಳು. ಬಂದವಳು ಅಂದರೆ ಬಂದವಳ ನೆರಳು. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಜ್ಜಿಗೆ ಕೊಟ್ಟರೆ ವಾಂತಿ, ಗಂಜಿ ಕೊಟ್ಟರೆ ವಾಂತಿ. ಡಾಕ್ಟರು ಕೊಟ್ಟ ಗುಳಿಗೆಯೂ ಹೊರಗೆ. ಗಲ್ಲದ ಎಲುಬು ಕಾಣುತ್ತಿದ್ದವು. ಗೋಡೆಗೆ ಒರಗಿ ಕೂತು ಒಂದೇ ಮಾತು, "ಅವ್ವಾ, ಝಿಂಗಾ ತಿನ್ನಬೇಕು ಅನಸ್ತದ." ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ ಇರುವುದು ನಮ್ಮ ಕಡೆ ಆಗದ ಮಾತು. ಆದರೆ ಹೊಳೆಯಲ್ಲಿ ನೀರೇ ಇರಲಿಲ್ಲ. ಭೀಮೆ ಬತ್ತಿ, ಅಲ್ಲಲ್ಲಿ ಪಾಚಿಗಟ್ಟಿದ ಹೊಂಡಗಳಷ್ಟೇ ಉಳಿದಿದ್ದವು.

ಆದರೂ ಅತ್ತೆ ಬುಟ್ಟಿ ತೆಗೆದುಕೊಂಡು ಹೊರಟರು. ದಿನಾ ಹೋದರು. ಕಾದ ಮರಳಿನಲ್ಲಿ ಹೊಂಡದಿಂದ ಹೊಂಡಕ್ಕೆ ನಡೆದು, ಮಧ್ಯಾಹ್ನ ಬರಿ ಬುಟ್ಟಿ ಹಿಡಿದು ಬರುತ್ತಿದ್ದರು. ಪಾದಗಳಲ್ಲಿ ಬೊಬ್ಬೆ ಎದ್ದಿದ್ದವು. ನೀರು ತಂದು ಕಾಲಿಗೆ ಹಾಕಲು ಹೋದರೆ, "ನನಗ ಏನಾಗ್ಯಾದ, ಅಕಿನ್ನ ನೋಡು ಹೋಗು" ಅಂತ ಗದರುತ್ತಿದ್ದರು. ಒಂದು ದಿನ ಹಾಗೆ ಬಂದವರು ಬುಟ್ಟಿಯನ್ನು ಅಂಗಳದಲ್ಲಿ ಬಿಸಾಕಿ ಹೊಸ್ತಿಲ ಮೇಲೆ ಕುಸಿದು ಕೂತರು. ಹೊಳೆಯನ್ನೇ ಬುಟ್ಟಿಗೆ ಕರೆಯುತ್ತಿದ್ದ ಹೆಂಗಸು ಸೋತು ಕೂತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಟ್ರಂಕಿನ ತಳದಿಂದ ಡಬ್ಬಿ ತೆಗೆದುಕೊಂಡು ಬಂದು ಅವರ ಎದುರಿಗೆ ನಿಂತೆ.

"ಅತ್ತಿ, ಅಕಿಗಿ ಇದನ್ನ ಮಾಡಿ ಕೊಡ್ತೇನ್ರಿ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಝಿಂಗಾಕ್ಕ ಕೈ ಹಚ್ಚಬ್ಯಾಡ ಅಂದೀನಿ ನಿನಗ."

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ಇದು ಝಿಂಗಾನೇ ಅಲ್ಲ ಅಂತ ನೀವೇ ಅಂದೀರಲ್ರಿ! ಹೆಣ ಅಂದೀರಿ. ಝಿಂಗಾ ಅಲ್ಲದ್ದಕ್ಕ ನಾ ಕೈ ಹಚ್ಚಿದ್ರ ನಿಮ್ಮ ಮಾತು ಹ್ಯಾಂಗ ಮುರಿತದ?" ಅಂದೆ. ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕಾಯಿತು ನನಗೆ.

ಮಾಳಿಗೆ ಹತ್ತಿ ಝಿಂಗಾಕ್ಕೆ ಬಿಸಿಲು ಕಾಣಿಸಿದೆ. ಸುಡು ಬೇಸಿಗೆ, 'ಅಯ್ಯೋ' ಅನ್ನುವುದರೊಳಗೆ ಗರಿಗರಿಯಾಯಿತು. ಇಳಿದು ಬಂದು ಅಂಗಳದ ಒಲೆ ಹೊತ್ತಿಸಿದೆ. ಬಾವಿಯ ಬದಿಯಲ್ಲಿ ಉಳಿದಿದ್ದ ಪುಂಡಿ ಗಿಡದ ಎಲೆ ಕಿತ್ತು ತಂದು, ಒಂದು ಹಿಡಿ ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚಿನ ಜೊತೆ ಬೇಯಲು ಇಟ್ಟೆ. ಝಿಂಗಾವನ್ನು ಹಂಚಿನ ಮೇಲೆ ಹುರಿದು, ಮೊರದಲ್ಲಿ ತಿಕ್ಕಿ, ಒಂದು ಮೀಸೆಯೂ ಉಳಿಯದ ಹಾಗೆ ಊದಿದೆ. ಬಸುರಿಯ ಗಂಟಲಿಗೆ ಒಂದು ಎಳೆ ತಾಗಿದರೂ ಎಲ್ಲ ಹೊರಗೆ ಬರುತ್ತದೆ ಅನ್ನುವ ಹೆದರಿಕೆ. ಹಾಗಾಗಿ ಅರ್ಧವನ್ನು ಪುಡಿ ಮಾಡಿದೆ, ಅರ್ಧವನ್ನು ಇಡಿಯಾಗಿ ಬಿಟ್ಟೆ. ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಖಾರ ಕಡಿಮೆ ಮಾಡಿ, ಝಿಂಗಾ ಬಾಡಿಸಿ, ಬೆಂದ ಪುಂಡಿಯನ್ನು ಮಸೆದು ಸುರಿದೆ. ಪುಂಡಿಯ ಹುಳಿ ಬಿಸಿ ಎಣ್ಣೆಗೆ ಬಿದ್ದು ಝಿಂಗಾದ ಜೊತೆ ಸೇರಿದಾಗ ಎದ್ದ ವಾಸನೆ ನನ್ನನ್ನು ಒಂದು ಗಳಿಗೆ ಅವ್ವನ ಅಡುಗೆಮನೆಯಲ್ಲಿ ನಿಲ್ಲಿಸಿತು. ಅತ್ತೆ ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತೇ ಇದ್ದರು.

ಒಳಗಿನಿಂದ ನಾದಿನಿಯ ದನಿ ಬಂತು. "ವೈನಿ, ಏನದು ವಾಸನಿ?"

ಓಡಿ ಹೋಗಿ ನೋಡಿದರೆ, ಗೋಡೆ ಬಿಟ್ಟು ಮುಂದಕ್ಕೆ ಬಾಗಿ ಕೂತಿದ್ದಳು. ಮೂಗು ಮುಚ್ಚಿಕೊಂಡಿರಲಿಲ್ಲ. ಬಿಸಿ ರೊಟ್ಟಿ, ಅದರ ಮೇಲೆ ಒಂದು ಸೌಟು ಪಲ್ಯ ಹಾಕಿ ಕೊಟ್ಟೆ. ಮೊದಲ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಳು. ನುಂಗಿದಳು. ಎರಡನೆಯ ತುತ್ತು ಮುರಿದಳು. ಆಮೇಲೆ ತಲೆ ಎತ್ತಲಿಲ್ಲ. ಇಡಿಯಾದ ಝಿಂಗಾ ಸಿಕ್ಕಾಗಲೆಲ್ಲ ಅದನ್ನು ಬೇರೆ ಮಾಡಿ ತಟ್ಟೆಯ ಅಂಚಿಗೆ ಕೂಡಿಸುತ್ತ, ಕೊನೆಗೆ ತಿನ್ನಲು ಉಳಿಸಿಕೊಂಡಳು. ರೊಟ್ಟಿ ಮುಗಿಯಿತು. "ಇನ್ನೊಂದು ಕೊಡ್ರಿ ವೈನಿ" ಅಂದಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಅವಳು ಇನ್ನೊಂದು ಅಂದದ್ದು. ಅತ್ತೆ ಯಾವಾಗ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರೋ ಗೊತ್ತಿಲ್ಲ.

ತಿಂದದ್ದು ದೊಡ್ಡದಲ್ಲ, ನಿಲ್ಲಬೇಕಲ್ಲ. ನಾವಿಬ್ಬರೂ ಕಾದೆವು. ನಾನು ಅವಳ ಪಕ್ಕದಲ್ಲಿ ಬೀಸಣಿಗೆ ಬೀಸುತ್ತ, ಅತ್ತೆ ಕಾಲ ಬಳಿ ಬೋಗುಣಿ ಇಟ್ಟುಕೊಂಡು. ಅಂಗಳದ ಬೇವಿನ ನೆರಳು ಗೋಡೆಯಿಂದ ಗೋಡೆಗೆ ಸರಿಯಿತು. ಬೋಗುಣಿ ಬರಿದಾಗಿಯೇ ಉಳಿಯಿತು. ನಾದಿನಿ ಚಾಪೆಯ ಮೇಲೆ ಮಗ್ಗುಲಾಗಿ ನಿದ್ದೆ ಹೋದಳು. ಬಾಯಿ ತೆರೆದು, ಮಕ್ಕಳು ಮಲಗುವ ಹಾಗೆ ಮಲಗಿದ್ದಳು. ಅತ್ತೆ ಬೋಗುಣಿ ಎತ್ತಿಕೊಂಡು ಸದ್ದಿಲ್ಲದೆ ಹೊರಗೆ ಹೋದರು. ಹಿಂದೆ ನಾನೂ ಹೋದೆ. ನನಗೆ ಕುಣಿಯುವಷ್ಟು ಸಂತೋಷ, ಜೊತೆಗೆ ಇನ್ನು ಎದುರು ಮಾತಾಡಿದ್ದಕ್ಕೆ ಏನು ಕಾದಿದೆಯೋ ಅನ್ನುವ ಅಳುಕು.

ಅಂಗಳದಲ್ಲಿ ಅತ್ತೆ ಒಲೆಯ ಮುಂದೆ ಕೂತಿದ್ದರು. ಪಾತ್ರೆಯ ತಳದಲ್ಲಿ ಒಂದಿಷ್ಟು ಪಲ್ಯ ಅಂಟಿಕೊಂಡಿತ್ತು. ಒಂದು ರೊಟ್ಟಿಯ ಚೂರಿನಿಂದ ಅದನ್ನು ಸುತ್ತಲೂ ಒರೆಸಿದರು. ಒರೆಸಿದ ಚೂರನ್ನು ಎರಡು ಮಾಡಿ, ಒಂದನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ನನ್ನ ಕಡೆ ಚಾಚಿದರು. ನಾನು ಕೈ ಒಡ್ಡಿದೆ. ಕೈಗೆ ಕೊಡಲಿಲ್ಲ, ಬಾಯಿಗೇ ಇಟ್ಟರು. ಅವರು ಅಗಿಯುತ್ತಿದ್ದರು, ನಿಧಾನವಾಗಿ, ಕಣ್ಣು ಸಣ್ಣ ಮಾಡಿ.

"ಡಬ್ಬಿದಾಗ ಇನ್ನಷ್ಟು ಅದ ಏನು?" ಅಂತ ಕೇಳಿದರು.

"ಅದ್ರಿ."

"ಉಪ್ಪು ಒಂಚೂರು ಕಮ್ಮಿ ಆಗ್ಯಾದ" ಅಂದರು ಅತ್ತೆ. "ನಾಳಿ ಮಾಡುವಾಗ ನೋಡಿ ಹಾಕು."